ಕರವೀರ ಸಂಸ್ಥಾನದ ಕಡಲ ಕಾವಲು ದೋಣಿಗಳು

ನಮ್ಮ ಕೊರೋಚಿಯು ಕಡಲ ದಡದ ಊರಲ್ಲ. ಇಲ್ಲಿ ಕಿವಿಗೊಟ್ಟರೆ ಕೇಳಿಸುವುದು ಇಚಲಕರಂಜಿಯ ಕಡೆಯ ಮಗ್ಗಗಳ ಸದ್ದೇ ಹೊರತು ತೆರೆಗಳ ಮೊರೆತವಲ್ಲ. ನಮ್ಮ ನದಿಗಳೂ ಪಶ್ಚಿಮದ ಕಡಲಿಗೆ ಬೆನ್ನು ತಿರುಗಿಸಿಯೇ ಹರಿಯುತ್ತವೆ. ಸಹ್ಯಾದ್ರಿಯ ತಪ್ಪಲಿನಲ್ಲಿ ಹುಟ್ಟಿದ ಪಂಚಗಂಗೆಯು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿಕೊಂಡು ಪೂರ್ವಕ್ಕೆ ಸಾಗಿಹೋಗುತ್ತದೆ. ಆದುದರಿಂದ ಇಲ್ಲಿಯ ಕನ್ನಡ ಶಾಲೆಗಳ ಮಕ್ಕಳಿಗೆ ಕೊಲ್ಲಾಪುರವೆಂದರೆ ಮಹಾಲಕ್ಷ್ಮಿಯ ಗುಡಿ, ಪನ್ಹಾಳದ ಕೋಟೆ, ಕುಸ್ತಿಯ ತಾಲೀಮು, ಬೆಲ್ಲದ ಪೇಟೆ, ಶಾಹೂ ಮಹಾರಾಜರ ಹೆಸರು, ಇಷ್ಟು ನೆನಪಾಗುವುದು ಸಹಜವೇ. ಕರವೀರದ ಅರಸರಿಗೆ ಒಂದು ಕಾಲದಲ್ಲಿ ಸಮುದ್ರದ ಮೇಲೆ ದೋಣಿಗಳ ದಂಡು ಇದ್ದಿತೆಂದೂ, ಅದರ ಹೆಸರು ಕೇಳಿದರೆ ಮುಂಬಯಿಯ ಆಂಗ್ಲ ವ್ಯಾಪಾರಿಗಳು ಹುಬ್ಬು ಗಂಟಿಕ್ಕುತ್ತಿದ್ದರೆಂದೂ ಹೇಳಿದರೆ ಮಕ್ಕಳು ನಂಬಲಾರರು. ದೊಡ್ಡವರಲ್ಲಿಯೂ ಎಷ್ಟೋ ಜನ ಅನುಮಾನದಿಂದ ನೋಡುವರು.

ಆದರೆ ಇದು ನಿಜವಾದ ಇತಿಹಾಸ. ಮಾಲವಣದ ಬಂದರವೂ ಅದರ ಮುಂದೆ ಕಡಲಲ್ಲಿ ನಿಂತಿರುವ ಸಿಂಧುದುರ್ಗವೂ 1812ನೆಯ ಇಸವಿಯವರೆಗೆ ಕೊಲ್ಲಾಪುರದ ಸೊತ್ತಾಗಿದ್ದವು. ಅಲ್ಲಿಂದ ಹೊರಡುತ್ತಿದ್ದ ಚಿಕ್ಕ ಚಿಕ್ಕ ವೇಗದ ದೋಣಿಗಳು ಕರವೀರ ಸಂಸ್ಥಾನದ ಕಡಲ ಕಾವಲನ್ನು ನಡೆಸುತ್ತಿದ್ದವು. ಆ ದೋಣಿಗಳು ಎಂಥವು, ಅವು ಹೇಗೆ ಕಾದಾಡುತ್ತಿದ್ದವು, ಏಕೆ ಅಳಿದವು, ಇಂದು ಅದೇ ಬಗೆಯ ದೋಣಿಗಳು ನಮ್ಮ ಕರಾವಳಿಗೆ ಮತ್ತೆ ಹೇಗೆ ಬಂದವು ಎಂಬುದನ್ನು ನಮ್ಮ ಅಧ್ಯಾಪಕ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಇದರೊಂದಿಗೆ ಇನ್ನೊಂದು ಪ್ರಶ್ನೆಯೂ ನಮ್ಮನ್ನು ಕಾಡುತ್ತಿದೆ. ಆ ದೋಣಿಗಳನ್ನು ಕಾವಲಿನವೆನ್ನಬೇಕೋ, ಕಳ್ಳರವೆನ್ನಬೇಕೋ? ಈ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋದರೆ ಇತಿಹಾಸವನ್ನು ಅರ್ಧ ಓದಿದಂತೆಯೇ ಸರಿ.

ಮೊದಲು ಕಡಲ ದಡದ ಸ್ವರೂಪವನ್ನು ತಿಳಿಯಬೇಕು. ಕೊಂಕಣದಿಂದ ಕಾರವಾರ, ಹೊನ್ನಾವರಗಳವರೆಗಿನ ದಡವು ಹಗ್ಗ ಹಿಡಿದು ಗೆರೆ ಎಳೆದಂತೆ ನೇರವಾಗಿಲ್ಲ. ಸಹ್ಯಾದ್ರಿಯಿಂದ ಇಳಿದು ಬರುವ ಸಣ್ಣ ಹೊಳೆಗಳು ಹೆಜ್ಜೆ ಹೆಜ್ಜೆಗೆ ಅಳಿವೆಗಳನ್ನು ಮಾಡಿವೆ. ಅಳಿವೆಯ ಬಾಯಲ್ಲಿ ಮರಳ ದಿಬ್ಬ, ಅದರಾಚೆ ನೀರಡಿಯ ಬಂಡೆ. ಆಳವಾಗಿ ಮುಳುಗಿ ಸಾಗುವ ದೊಡ್ಡ ಹಡಗು ಇಲ್ಲಿ ದಡಕ್ಕೆ ಸಮೀಪವಾಗಿ ಬರಲಾರದು. ತಳ ಚಪ್ಪಟೆಯಾದ, ಹಗುರವಾದ ದೋಣಿಯಾದರೋ ಮೊಣಕಾಲು ನೀರಿದ್ದಲ್ಲಿಯೂ ನುಸುಳಿ ಒಳಗೆ ಹೋಗಿ ಮರೆಯಾಗಬಲ್ಲುದು. ಗಾಳಿಯ ನಿಯಮವೂ ಚಿಕ್ಕ ದೋಣಿಗೇ ಅನುಕೂಲ. ಮಳೆಗಾಲ ಕಳೆದ ಮೇಲೆ ರಾತ್ರಿಯ ಹೊತ್ತು ಗಾಳಿಯು ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ನಸುಕಿನಲ್ಲಿ ನೆಲಗಾಳಿಯೊಂದಿಗೆ ಹೊರಟು, ಸಂಜೆಯೊಳಗೆ ಕಡಲಗಾಳಿಯೊಂದಿಗೆ ಮರಳಿ ಬರುವುದು ಇಲ್ಲಿಯ ಅಂಬಿಗರಿಗೆ ತಲೆತಲಾಂತರದಿಂದ ಬಂದ ವಿದ್ಯೆ. ನಡುವೆ ಗಾಳಿ ಬಿದ್ದುಹೋದರೆ ದೊಡ್ಡ ಹಡಗು ನಿಂತಲ್ಲಿಯೇ ನಿಲ್ಲುತ್ತದೆ, ಹುಟ್ಟಿನ ದೋಣಿಗೆ ಆ ತೊಂದರೆಯಿಲ್ಲ. ಇಂಥ ದಡವನ್ನು ಕಾಯಲು ಹತ್ತು ದೊಡ್ಡ ಹಡಗುಗಳಿಗಿಂತ ನೂರು ಚಿಕ್ಕ ದೋಣಿಗಳೇ ಮೇಲೆಂಬುದನ್ನು ಪ್ರಕೃತಿಯೇ ಕಲಿಸಿತು.

ಕನ್ನಡದ ಅರಸರು ಈ ಪಾಠವನ್ನು ಬಹು ಹಿಂದೆಯೇ ಕಲಿತಿದ್ದರು. ಬಾದಾಮಿಯ ಚಾಲುಕ್ಯ ಮಂಗಲೇಶನು ಕ್ರಿ. ಶ. 600ರ ಸುಮಾರಿಗೆ ರೇವತೀದ್ವೀಪವನ್ನು ಗೆದ್ದನು. ಈ ರೇವತೀದ್ವೀಪವು ಮಾಲವಣದ ದಕ್ಷಿಣಕ್ಕೆ ವೆಂಗುರ್ಲೆಯ ಸಮೀಪದಲ್ಲಿರುವ ಇಂದಿನ ರೇಡಿಯೆಂದು ವಿದ್ವಾಂಸರು ಗುರುತಿಸಿರುವರು. ಅವನ ಅಣ್ಣನ ಮಗನಾದ ಇಮ್ಮಡಿ ಪುಲಕೇಶಿಯು ಪುರಿಯೆಂಬ ಕಡಲ ಪಟ್ಟಣವನ್ನು ನೂರಾರು ನಾವೆಗಳಿಂದ ಮುತ್ತಿದ ಸಂಗತಿಯನ್ನು ರವಿಕೀರ್ತಿಯು ಐಹೊಳೆಯ ಶಾಸನದಲ್ಲಿ (ಕ್ರಿ. ಶ. 634) ಕೊಂಡಾಡಿದ್ದಾನೆ. ಆ ನಾವೆಗಳು ಕವಿಯ ಕಣ್ಣಿಗೆ ಮದದಾನೆಗಳಂತೆ ಕಂಡವು. ಮುಂದೆ ಗೋವೆಯ ಕದಂಬರು ತಮ್ಮನ್ನು ಪಶ್ಚಿಮ ಸಮುದ್ರದ ಒಡೆಯರೆಂದು ಕರೆದುಕೊಂಡರು. ಹದಿನಾರನೆಯ ಶತಮಾನದ ಮೊದಲಲ್ಲಿ ಹೊನ್ನಾವರದ ತಿಮ್ಮೋಜಿಯ ದೋಣಿಗಳು ಆ ಕಡಲಿನಲ್ಲಿ ಬಲಿಷ್ಠವಾಗಿದ್ದವು. 1510ರಲ್ಲಿ ಪೋರ್ತುಗೀಜರ ಅಲ್ಬುಕರ್ಕನು ಗೋವೆಯನ್ನು ಹಿಡಿದುದು ಈ ತಿಮ್ಮೋಜಿಯ ಪ್ರೇರಣೆ ಮತ್ತು ನೆರವಿನಿಂದಲೇ. ಒಬ್ಬರಿಗೆ ನೌಕಾನಾಯಕನಾಗಿ ಕಂಡ ಈತನು ಇನ್ನೊಬ್ಬರಿಗೆ ಕಡಲ್ಗಳ್ಳನಾಗಿ ಕಂಡನು. ನಮ್ಮ ಪ್ರಶ್ನೆಯ ಬೇರು ಅಷ್ಟು ಹಳೆಯದು.

ಪೋರ್ತುಗೀಜರು ಬಂದ ಮೇಲೆ ಕಡಲಿಗೆ ಹೊಸದೊಂದು ಕಾಯಿದೆ ಬಂದಿತು. ತಮ್ಮ ಪರವಾನಗಿ ಪತ್ರವಿಲ್ಲದೆ ಯಾವ ವ್ಯಾಪಾರದ ಹಡಗೂ ಸಂಚರಿಸಕೂಡದೆಂದು ಅವರು ಸಾರಿದರು. ಈ ಪತ್ರಕ್ಕೆ ಕರ್ತಾಜ್ ಎಂದು ಹೆಸರು. ಪತ್ರವಿಲ್ಲದ ಹಡಗನ್ನು ಹಿಡಿದು ಸರಕನ್ನು ಕಿತ್ತುಕೊಳ್ಳುವುದು ಅವರ ಲೆಕ್ಕದಲ್ಲಿ ಕಳವಲ್ಲ, ನ್ಯಾಯ. ಅದುವರೆಗೆ ಎಲ್ಲರಿಗೂ ತೆರೆದಿದ್ದ ದಾರಿಯಲ್ಲಿ ದೂರದಿಂದ ಬಂದವರು ಸುಂಕದ ಕಟ್ಟೆ ಹಾಕಿದಂತಾಯಿತು. ಆ ಬಳಿಕ ದಡದ ಅರಸರೆಲ್ಲರೂ ಅದೇ ಮಾರ್ಗವನ್ನು ಹಿಡಿದರು. ತಮ್ಮ ತಮ್ಮ ಪರವಾನಗಿಯನ್ನು ಕೊಡುವುದು, ಪರವಾನಗಿಯಿಲ್ಲದವರನ್ನು ಹಿಡಿಯುವುದು, ಇದೇ ಕಡಲ ರಾಜಕಾರಣವೆನಿಸಿತು.

ಇಂಥ ಕಾಲದಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ಕೊಂಕಣದಲ್ಲಿ ಕಾಲೂರಿದರು. ನೆಲವನ್ನು ಗೆದ್ದರೂ ಕಡಲು ಪರರ ಕೈಯಲ್ಲಿದ್ದರೆ ರಾಜ್ಯವು ಬಾಗಿಲಿಲ್ಲದ ಮನೆಯಂತಾಗುವುದೆಂಬುದನ್ನು ಅವರು ಕಂಡುಕೊಂಡರು. 1664ರ ನವೆಂಬರದಲ್ಲಿ ಮಾಲವಣದ ಎದುರಿನ ಕುರಟೆಯೆಂಬ ನಡುಗಡ್ಡೆಯ ಮೇಲೆ ಸಿಂಧುದುರ್ಗದ ಅಸ್ತಿವಾರವನ್ನು ಹಾಕಲಾಯಿತು. ಸುಮಾರು ಮೂರು ವರ್ಷಗಳಲ್ಲಿ ಕೋಟೆ ಪೂರ್ಣವಾಯಿತು. ಸುತ್ತಲೂ ಉಪ್ಪುನೀರಿದ್ದರೂ ಒಳಗೆ ಹಾಲಬಾವಿ, ಮೊಸರುಬಾವಿ, ಸಕ್ಕರೆಬಾವಿ ಎಂಬ ಅರ್ಥದ ಹೆಸರುಳ್ಳ ಮೂರು ಸಿಹಿನೀರಿನ ಬಾವಿಗಳಿರುವುದು ಇಂದಿಗೂ ನೋಡುವವರಿಗೆ ಸೋಜಿಗ. ಕೋಟೆಯ ಸುತ್ತ ನೀರಡಿಯಲ್ಲಿ ಬಂಡೆಗಳು ಹರಡಿಕೊಂಡಿವೆ. ದಾರಿ ಬಲ್ಲ ಚಿಕ್ಕ ದೋಣಿ ಒಳಗೆ ಬರುತ್ತದೆ, ದಾರಿಯರಿಯದ ದೊಡ್ಡ ಹಡಗು ಒಡೆಯುತ್ತದೆ. ಕೋಟೆಯು ದೋಣಿಗೆ ಆಶ್ರಯ, ದೋಣಿಯು ಕೋಟೆಗೆ ಕಣ್ಣು. ಇವೆರಡರಲ್ಲಿ ಒಂದಿಲ್ಲದೆ ಮತ್ತೊಂದು ನಿಲ್ಲದು.

ಇಲ್ಲಿ ಕನ್ನಡಿಗರಾದ ನಾವು ಮರೆಯಬಾರದ ಒಂದು ಸಂಗತಿಯುಂಟು. 1665ರ ಫೆಬ್ರುವರಿಯಲ್ಲಿ ಮಹಾರಾಜರು ಇದೇ ಮಾಲವಣದಿಂದ ಎಂಬತ್ತೈದು ಚಿಕ್ಕ ನಾವೆಗಳನ್ನೂ ಮೂರು ದೊಡ್ಡ ಹಡಗುಗಳನ್ನೂ ಕೂಡಿಸಿಕೊಂಡು ದಕ್ಷಿಣಕ್ಕೆ ಹೊರಟರು. ಅವರು ಹೋಗಿ ತಲುಪಿದುದು ಕೆಳದಿ ಅರಸರ ಐಶ್ವರ್ಯವಂತ ಬಂದರವಾದ ಬಸರೂರಿಗೆ. ಬಸರೂರನ್ನು ಸೂರೆಗೊಂಡು, ಮರಳುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿ, ಅಂಕೋಲೆ ಕಾರವಾರಗಳ ಮಾರ್ಗವಾಗಿ ಹಿಂದಿರುಗಿದರು. ಮಾಲವಣದವರಿಗೆ ಆ ನಾವೆಗಳು ರಕ್ಷೆ, ಬಸರೂರಿನ ಸೆಟ್ಟರಿಗೆ ಅವೇ ನಾವೆಗಳು ಭಯ. ಗಡಿಯಲ್ಲಿ ಬಾಳುವ ನಾವು ಎರಡೂ ಮನೆಯ ಮಾತನ್ನು ಬಲ್ಲವರು. ಆದುದರಿಂದ ಈ ಎರಡು ಮಾತುಗಳನ್ನೂ ಮಕ್ಕಳಿಗೆ ಹೇಳುವ ಧೈರ್ಯ ನಮ್ಮಲ್ಲಿರಬೇಕು. ಒಂದನ್ನು ಹೇಳಿ ಒಂದನ್ನು ಮುಚ್ಚಿಟ್ಟರೆ ಅದು ಅಭಿಮಾನವೆನಿಸಬಹುದು, ಇತಿಹಾಸವೆನಿಸದು.

ಇನ್ನು ಆ ದೋಣಿಗಳ ರಚನೆಯನ್ನು ನೋಡೋಣ. ಮರಾಠರು ತಮ್ಮ ನೌಕಾದಳವನ್ನು ಆರಮಾರವೆಂದು ಕರೆಯುತ್ತಿದ್ದರು. ಇದು ಪೋರ್ತುಗೀಜರ ಅರ್ಮಾದ ಎಂಬ ಶಬ್ದದಿಂದ ಬಂದುದು. ಅದರಲ್ಲಿ ಮುಖ್ಯವಾದ ನಾವೆಗಳು ಎರಡು ಬಗೆಯವು, ಗುರಾಬ ಮತ್ತು ಗಲಬತ. ಗುರಾಬವೆಂದರೆ ಅರಬ್ಬಿಯಲ್ಲಿ ಕಾಗೆ. ಎರಡು ಕೂವೆಮರಗಳ ಗುರಾಬವು ಸುಮಾರು 150 ಟನ್ನಿನಷ್ಟು, ಮೂರು ಕೂವೆಮರಗಳದು 300 ಟನ್ನಿನಷ್ಟು ದೊಡ್ಡದು. ಗಲಬತವು ಅದಕ್ಕಿಂತ ಚಿಕ್ಕದು, 70 ಟನ್ನುಗಳನ್ನು ಮೀರಿದುದು ಅಪರೂಪ. ಅದಕ್ಕೆ ಎರಡು ಕೂವೆಮರಗಳು. ಹಿಂದಿನದು ತೀರ ತೆಳುವು, ಮುಂದಿನದಕ್ಕೆ ಮುಮ್ಮೂಲೆಯ ದೊಡ್ಡದೊಂದು ಹಾಯಿ. ತೂಕ ಕಡಿಮೆಯಾಗಲೆಂದು ಮೇಲ್ಹಾಸನ್ನು ಸೀಳಿದ ಬಿದಿರಿನಿಂದ ಮಾಡುತ್ತಿದ್ದರು. ಇಂಥ ಹಗುರ ಗಲಬತಗಳ ಅಂಚಿನಲ್ಲಿ ತಿರುಗಣೆಯ ಮೇಲೆ ಕೂಡಿಸಿದ ಸಣ್ಣ ತೋಪುಗಳಿರುತ್ತಿದ್ದವು. ದೊಡ್ಡ ಗಲಬತಗಳಿಗೆ ಗಟ್ಟಿ ಹಲಗೆಯ ಹಾಸು ಇದ್ದು, ಅವು ಎರಡರಿಂದ ನಾಲ್ಕು ಪೌಂಡಿನ ಗುಂಡು ಹಾರಿಸುವ ಆರೆಂಟು ಫಿರಂಗಿಗಳನ್ನು ಹೊರುತ್ತಿದ್ದವು. ನಲ್ವತ್ತು ಐವತ್ತು ಹುಟ್ಟುಗಳನ್ನು ಹಾಕಿ ಜಗ್ಗಿದರೆ ಗಾಳಿಯಿಲ್ಲದಾಗಲೂ ತಾಸಿಗೆ ನಾಲ್ಕು ಮೈಲು ಸಾಗುತ್ತಿದ್ದವು. ಹದಿನೆಂಟನೆಯ ಶತಮಾನದ ಆಂಗ್ಲ ಇತಿಹಾಸಕಾರ ರಾಬರ್ಟ್ ಓರ್ಮನು ಕೊಟ್ಟ ವಿವರಗಳಿವು.

ಕಾದಾಟದ ಪದ್ಧತಿಯೂ ಈ ರಚನೆಗೆ ತಕ್ಕುದಾಗಿತ್ತು. ಅಪರಿಚಿತ ಹಡಗೊಂದು ದೃಷ್ಟಿಗೆ ಬಿದ್ದ ಕೂಡಲೇ ಎಂಟು ಹತ್ತು ಗುರಾಬಗಳೂ ನಲ್ವತ್ತು ಐವತ್ತು ಗಲಬತಗಳೂ ಲಂಗರು ಬಿಚ್ಚಿ ಒಟ್ಟಿಗೆ ಹೊರಡುವುವು. ಗಾಳಿಯಿದ್ದರೆ ಹಾಯಿ, ಇಲ್ಲದಿದ್ದರೆ ಗಲಬತಗಳೇ ಹುಟ್ಟು ಹಾಕಿ ಗುರಾಬಗಳನ್ನು ಎಳೆದೊಯ್ಯುವುವು. ದೊಡ್ಡ ಹಡಗಿನ ಫಿರಂಗಿಗಳೆಲ್ಲ ಅದರ ಪಕ್ಕೆಗಳಲ್ಲಿರುತ್ತಿದ್ದವಾದ್ದರಿಂದ ಇವರು ಪಕ್ಕೆಗೆ ಹೋಗದೆ ಹಿಂಬದಿಗೆ ಹೋಗುವರು. ಗುರಾಬಗಳು ಹಿಂದಿನಿಂದ ಗುಂಡು ಹಾರಿಸಿ ಕೂವೆಮರ, ಹಾಯಿ, ಹಗ್ಗಗಳನ್ನು ಕಡಿದುಹಾಕುವುವು. ಹಡಗು ಕಾಲು ಮುರಿದ ಕುದುರೆಯಂತೆ ನಿಂತೊಡನೆ ಎಲ್ಲ ದಿಕ್ಕುಗಳಿಂದ ಗಲಬತಗಳು ಮುತ್ತಿ, ಜನರು ಕತ್ತಿ ಹಿಡಿದು ಮೇಲೇರುವರು. ಒಂದೊಂದು ಗಲಬತದಲ್ಲಿ ಇನ್ನೂರು ಮುನ್ನೂರು ಜನರಿರುತ್ತಿದ್ದರು. ಬಲದಲ್ಲಿ ಕಡಿಮೆಯಾದವನು ವೇಗದಿಂದ, ಸಂಖ್ಯೆಯಿಂದ, ನೆಲೆಯ ಅರಿವಿನಿಂದ ಗೆಲ್ಲುವ ಉಪಾಯವಿದು. ಗುಡ್ಡಗಾಡಿನಲ್ಲಿ ಮರಾಠರ ಕುದುರೆ ದಂಡು ನಡೆಸುತ್ತಿದ್ದ ಗನಿಮೀ ಕಾವಾ ಎಂಬ ಯುದ್ಧತಂತ್ರವೇ ನೀರಿನ ಮೇಲೆ ಈ ರೂಪವನ್ನು ತಾಳಿತ್ತು.

ಶಿವಾಜಿ ಮಹಾರಾಜರ ವಂಶವು ಎರಡಾಗಿ ಒಡೆದು 1710ರ ಸುಮಾರಿಗೆ ತಾರಾಬಾಯಿಯ ಮುಂದಾಳತನದಲ್ಲಿ ಕರವೀರದ ಗಾದಿ ಬೇರೆಯಾಯಿತು. ಆರಮಾರದ ಮಹಾನಾಯಕನಾದ ಕಾನ್ಹೋಜಿ ಆಂಗ್ರೆಯು ಮೊದಲು ತಾರಾಬಾಯಿಯ ಕಡೆಯಲ್ಲಿದ್ದು, ಬಳಿಕ ಸಾತಾರೆಯ ಶಾಹೂ ಮಹಾರಾಜರ ಪಕ್ಷವನ್ನು ಸೇರಿದನು. 1731ರ ವಾರಣಾ ಒಪ್ಪಂದದಿಂದ ಸಾತಾರೆ ಮತ್ತು ಕೊಲ್ಲಾಪುರಗಳ ಎಲ್ಲೆ ಗೊತ್ತಾಯಿತು. ಸಿಂಧುದುರ್ಗ ಮಾಲವಣಗಳು ಕೊಲ್ಲಾಪುರದ ಪಾಲಾದವು. ಘಟ್ಟದ ಮೇಲಿನ ನಮ್ಮ ಸೀಮೆಗೆ ಕಡಲು ದೊರೆತುದು ಹೀಗೆ. ಘಟ್ಟದ ದಾರಿಗಳಲ್ಲಿ ಎತ್ತುಗಳ ಹೇರಿನ ಮೇಲೆ ಉಪ್ಪು, ತೆಂಗು, ಒಣಮೀನು ಮೇಲೆ ಬರುತ್ತಿದ್ದವು, ಇಲ್ಲಿಯ ಬೆಳೆ ಕೆಳಗಿಳಿಯುತ್ತಿತ್ತು. ಮಾಲವಣದ ಕಾವಲು ಸಡಿಲವಾದರೆ ಅದರ ಬಿಸಿ ಗಡಹಿಂಗ್ಲಜದ ಸಂತೆಗೂ ತಟ್ಟುತ್ತಿತ್ತು. ಕಡಲು ದೂರವಿದ್ದರೂ ಅದರ ಉಪ್ಪಿನ ಋಣ ನಮ್ಮ ಹಿರಿಯರ ಮೇಲೆ ಇದ್ದೇ ಇದ್ದಿತು.

ಆಂಗ್ಲರು ತಮ್ಮ ಕಾಗದಪತ್ರಗಳಲ್ಲಿ ಕೊಲ್ಲಾಪುರದ ಈ ನಾವಿಕರನ್ನು ‘ಮಾಲವಣರು’ ಎಂದು ಬರೆದರು. ಅವರ ಭಾಷೆಯಲ್ಲಿ ಈ ಶಬ್ದಕ್ಕೆ ಕಡಲ್ಗಳ್ಳರೆಂದೇ ಅರ್ಥ. ಇದರಲ್ಲಿ ನಿಜವೆಷ್ಟು? ಮಾಲವಣದ ದೋಣಿಗಳು ವ್ಯಾಪಾರದ ಹಡಗುಗಳನ್ನು ಹಿಡಿದುದು, ಸರಕನ್ನು ಒಯ್ದುದು ನಿಜ. ಹಾಗೆ ಹೋದ ಸರಕಿನಲ್ಲಿ ಈ ದೇಶದ ವರ್ತಕರ ಸೊತ್ತೂ ಇದ್ದಿತು. ಅಂಥವರ ಮನೆಯಲ್ಲಿ ಅಂದು ಒಲೆ ಉರಿಯದೆ ಹೋಗಿರಬೇಕು. ಇದನ್ನು ನಾವು ಅಲ್ಲಗಳೆಯಲಾರೆವು. ಆದರೆ ಆಂಗ್ಲರೂ ತಮ್ಮ ಪರವಾನಗಿಯನ್ನು ಕೊಡುತ್ತಿದ್ದರು. ಪೋರ್ತುಗೀಜರು ಅದಕ್ಕಿಂತ ಮೊದಲೇ ಕೊಡುತ್ತಿದ್ದರು. ಒಂದೇ ಕೆಲಸವನ್ನು ಮುಂಬಯಿಯ ಹಡಗು ಮಾಡಿದರೆ ಅದು ಆಡಳಿತ, ಮಾಲವಣದ ಗಲಬತವು ಮಾಡಿದರೆ ಅದು ಕಳವು ಎಂಬುದನ್ನು ಮಾತ್ರ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಹೆಸರಿಡುವ ಅಧಿಕಾರವು ಗೆದ್ದವನ ಲೇಖನಿಗೆ ಹೋಯಿತು. ನಮ್ಮ ಪಠ್ಯಗಳು ಬಹುಕಾಲ ಆ ಲೇಖನಿಯಿಂದಲೇ ನಕಲು ಮಾಡಿಕೊಂಡವು.

ಆರಮಾರದ ಅವನತಿಯ ಕಥೆಯು ದುಃಖಕರವಾದುದು. 1755ರಲ್ಲಿ ಆಂಗ್ಲರ ಕಮೋಡೋರ್ ಜೇಮ್ಸನು ತುಳಾಜಿ ಆಂಗ್ರೆಯ ಸುವರ್ಣದುರ್ಗವನ್ನು ಹಿಡಿದನು. 1756ರ ಫೆಬ್ರುವರಿಯಲ್ಲಿ ಅಡ್ಮಿರಲ್ ವಾಟ್ಸನ್ ಮತ್ತು ಕ್ಲೈವ್ ಇವರು ವಿಜಯದುರ್ಗದ ಮೇಲೆ ಬಿದ್ದಾಗ ಆಂಗ್ರೆಯ ನೌಕಾದಳವು ಬಂದರದಲ್ಲಿಯೇ ಸುಟ್ಟು ಬೂದಿಯಾಯಿತು. ಈ ಕಾರ್ಯದಲ್ಲಿ ಆಂಗ್ಲರ ಮಿತ್ರರಾಗಿ ನಿಂತವರು ಪೇಶವೆಯವರೇ. ನೆರೆಮನೆಯವನ ಮೇಲಿನ ಸಿಟ್ಟಿಗೆ ತಮ್ಮ ಊರಿನ ಬೇಲಿಗೆ ತಾವೇ ಬೆಂಕಿಯಿಟ್ಟಂತಾಯಿತು. ಪೇಶವೆಯವರ ಸ್ವಂತ ನಾವೆಗಳು ವಿಜಯದುರ್ಗದಲ್ಲಿ ಮುಂದೆಯೂ ಉಳಿದವಾದರೂ, ಆಂಗ್ರೆಯ ಕಾಲದ ಆ ಒಟ್ಟು ಬಲವು ಪಶ್ಚಿಮದ ಕಡಲಿಗೆ ಮತ್ತೆ ಬರಲಿಲ್ಲ.

ಬಳಿಕ ಸರದಿ ಕೊಲ್ಲಾಪುರದ್ದಾಯಿತು. 1765ರಲ್ಲಿ ಮೇಜರ್ ಗಾರ್ಡನ್ ಮತ್ತು ಮುಂಬಯಿ ನೌಕಾದಳದ ಕ್ಯಾಪ್ಟನ್ ವಾಟ್ಸನ್ ಇವರ ನೇತೃತ್ವದಲ್ಲಿ ಬಂದ ಆಂಗ್ಲ ದಂಡು ಸಿಂಧುದುರ್ಗವನ್ನು ಹಿಡಿದು ಅದಕ್ಕೆ ‘ಫೋರ್ಟ್ ಆಗಸ್ಟಸ್’ ಎಂದು ಹೊಸ ಹೆಸರಿಟ್ಟಿತು. ಆಗ ಕರವೀರದ ಆಡಳಿತವು ಇಮ್ಮಡಿ ಸಂಭಾಜಿಯ ವಿಧವೆಯಾದ ಜೀಜಾಬಾಯಿ ರಾಣಿಯ ಕೈಯಲ್ಲಿತ್ತು. ದತ್ತಕನಾಗಿ ಬಂದ ಮಗ ಇನ್ನೂ ಎಳೆಯನು, ಸುತ್ತಲೂ ಹಗೆಗಳು. ಆಂಗ್ಲರಿಗೂ ಆ ಕೋಟೆಯಿಂದ ಲಾಭ ಕಾಣಲಿಲ್ಲ. ಮುಂದಿನ ವರ್ಷವೇ ಮೂರು ಲಕ್ಷ ರೂಪಾಯಿಗಳಿಗೂ ಮಿಕ್ಕಿದ ಹಣದ ಕರಾರನ್ನೂ ವ್ಯಾಪಾರಕ್ಕೆ ಅಡ್ಡಿ ಮಾಡೆವೆಂಬ ವಚನವನ್ನೂ ಪಡೆದು ಕೋಟೆಯನ್ನು ಮರಳಿ ಕೊಟ್ಟರು. ಕೋಟೆಗೆ ಹಳೆಯ ಹೆಸರು ಮರಳಿತು. ಗಲಬತಗಳು ಮತ್ತೆ ಹೊರಟವು. ದೂರುಗಳೂ ಮತ್ತೆ ಬಂದವು. 1792ರ ಒಪ್ಪಂದದಲ್ಲಿ ವರ್ತಕರಿಗೆ ನಷ್ಟ ತುಂಬಿಕೊಡಲು ಕೊಲ್ಲಾಪುರವು ಒಪ್ಪಿತಲ್ಲದೆ, ಮಾಲವಣದಲ್ಲಿಯೂ ಕೊಲ್ಲಾಪುರದಲ್ಲಿಯೂ ಆಂಗ್ಲರು ಕೋಠಿ ತೆರೆಯಲು ಒಪ್ಪಿಗೆಯಾಯಿತು.

ಕೊನೆಯ ಅಂಕವು 1812ರ ಅಕ್ಟೋಬರ 1ರಂದು ನಡೆಯಿತು. ಆ ವೇಳೆಗೆ ಕೊಲ್ಲಾಪುರವು ನೆಲದ ಮೇಲಿನ ಕಾಳಗಗಳಿಂದ ಬಳಲಿ ಬೆಂಡಾಗಿತ್ತು. ಚಿಕ್ಕೋಡಿ ಮತ್ತು ಮನೋಳಿ ಪರಗಣೆಗಳಿಗಾಗಿ ನಿಪ್ಪಾಣಿಯ ದೇಸಾಯಿ ಮೊದಲಾದವರೊಂದಿಗೆ ವರ್ಷಗಟ್ಟಲೆ ಹೋರಾಟ ನಡೆದಿತ್ತು. ಪುಣೆಯ ರೆಸಿಡೆಂಟನಾಗಿದ್ದ ಎಲ್ಫಿನ್‌ಸ್ಟನ್ ಸಾಹೇಬನು ನಡುವೆ ನಿಂತು ಮಾಡಿಸಿದ ಒಪ್ಪಂದದಿಂದ ಮಾಲವಣದ ಬಂದರ, ಸಿಂಧುದುರ್ಗ, ಪದ್ಮಗಡ, ರಾಜಕೋಟ, ಸರ್ಜೆಕೋಟಗಳು ಆಂಗ್ಲರ ಪಾಲಾದವು. ಇನ್ನು ಮುಂದೆ ಕೊಲ್ಲಾಪುರವು ಆಯುಧ ಹೊತ್ತ ದೋಣಿಯನ್ನು ಕಡಲಿಗಿಳಿಸಬಾರದೆಂದು ಗೊತ್ತಾಯಿತು. ಚಿಕ್ಕೋಡಿ ಮನೋಳಿಗಳ ಮೇಲಿನ ಹಕ್ಕನ್ನೂ ಅರಸರು ಬಿಟ್ಟುಕೊಟ್ಟರು. ಇಷ್ಟಕ್ಕೆ ಪ್ರತಿಯಾಗಿ ದೊರೆತುದು ಹೊರಗಿನ ಹಗೆಗಳಿಂದ ಆಂಗ್ಲರು ಕಾಯುವರೆಂಬ ಭರವಸೆ. ಅದೇ ತಿಂಗಳಲ್ಲಿ ಸಾವಂತವಾಡಿಯವರೂ ವೆಂಗುರ್ಲೆಯನ್ನು ಬಿಟ್ಟುಕೊಟ್ಟರು.

ಈ ಒಪ್ಪಂದವನ್ನು ನಮ್ಮ ವಾಚಕರು ಇನ್ನೊಮ್ಮೆ ಗಮನವಿಟ್ಟು ನೋಡಬೇಕು. ಒಂದೇ ಕಾಗದದಲ್ಲಿ ಕೊಂಕಣದ ಬಂದರವೂ ಕನ್ನಡದ ಚಿಕ್ಕೋಡಿಯೂ ಕೈಬಿಟ್ಟುಹೋದವು. ನಮ್ಮ ಗಡಿನಾಡಿನ ಊರುಗಳ ಹಣೆಬರಹವು ಎಷ್ಟೋ ಸಲ ಹೀಗೆ ಅಲ್ಲಿಯ ಜನರನ್ನು ಕೇಳದೆ ದೂರದ ಮೇಜಿನ ಮೇಲೆ ಬರೆಯಲ್ಪಟ್ಟಿದೆ. 1817–18ರ ಯುದ್ಧದಲ್ಲಿ ಆಂಗ್ಲರ ಪಕ್ಷ ಹಿಡಿದುದಕ್ಕಾಗಿ ಚಿಕ್ಕೋಡಿ ಮನೋಳಿಗಳು ಕೊಲ್ಲಾಪುರಕ್ಕೆ ಮರಳಿದವು. ಮುಂದೆ ಅವು ಮತ್ತೆ ಆಂಗ್ಲರ ಕೈ ಸೇರಿದವು. ಮಾಲವಣವು ಮಾತ್ರ ಮರಳಿ ಬರಲೇ ಇಲ್ಲ. ಆರಮಾರವಿಲ್ಲದ ಕೊಲ್ಲಾಪುರವು ಘಟ್ಟದ ಮೇಲಿನ ಸಂಸ್ಥಾನವಾಗಿ ಉಳಿದು, ಕಡಲನ್ನು ಕ್ರಮೇಣ ಮರೆಯಿತು.

ಇಷ್ಟು ಚಾತುರ್ಯದ ದೋಣಿಗಳು ಏಕೆ ಸೋತವು? ಮೊದಲನೆಯ ಕಾರಣ, ದಡದ ಕಾವಲಿಗೆ ತಕ್ಕುದಾದ ದೋಣಿಯು ದೂರದ ಕಡಲಿನ ಹಡಗನ್ನು ತಡೆಯಲಾರದು. ದೊಡ್ಡ ತೋಪುಗಳ ಹಡಗುಗಳು ಗುಂಪಾಗಿ ಬಂದು ಬಂದರದ ಬಾಯಿ ಕಟ್ಟಿದರೆ ಗಲಬತವು ಬಿಲದಲ್ಲಿಯ ಇಲಿಯಂತಾಗುವುದು. ಎರಡನೆಯ ಕಾರಣ, ಆಂಗ್ರೆ, ಪೇಶವೆ, ಕೊಲ್ಲಾಪುರ, ಸಾವಂತವಾಡಿ, ಹೀಗೆ ಒಂದೇ ದಡಕ್ಕೆ ನಾಲ್ವರು ಕಾವಲುಗಾರರು, ನಾಲ್ವರಲ್ಲಿಯೂ ವೈರ. ಮೂರನೆಯ ಕಾರಣವನ್ನು ಹೇಳಲು ನಮಗೆ ಸಂಕೋಚವಾದರೂ ಹೇಳಲೇಬೇಕು. ಹಿಡಿದ ಹಡಗಿನ ಸರಕಿನಿಂದಲೇ ಹೊಟ್ಟೆ ಹೊರೆಯುವ ನೌಕಾದಳವು ನ್ಯಾಯ ಅನ್ಯಾಯಗಳ ಎಲ್ಲೆಯನ್ನು ಬಹುಕಾಲ ಉಳಿಸಿಕೊಳ್ಳಲಾರದು. ಕಾವಲುಗಾರನಿಗೆ ಮನೆಯವರು ಸಂಬಳ ಕೊಡದಿದ್ದರೆ ಅವನು ದಾರಿಹೋಕರ ಗಂಟಿಗೆ ಕೈ ಹಾಕುವನು. ನಾವು ಮೊದಲು ಎತ್ತಿದ ಪ್ರಶ್ನೆಗೆ ನಮಗೆ ತೋರಿದ ಉತ್ತರವಿದು. ಮಾಲವಣದ ದೋಣಿಗಳು ಕಾವಲಿಗಾಗಿ ಹುಟ್ಟಿದವು, ಬಡತನದ ಹಾಗೂ ಒಡಕಿನ ಕಾಲದಲ್ಲಿ ಕಾವಲೂ ಕಳವೂ ಬೆರೆತುಹೋದವು. ಇಂಥ ಬೆರಕೆಯು ಆಂಗ್ಲರಲ್ಲಿಯೂ ಪೋರ್ತುಗೀಜರಲ್ಲಿಯೂ ಕಡಿಮೆಯಿರಲಿಲ್ಲ, ಅವರ ಗೆಲುವು ಅದನ್ನು ಮುಚ್ಚಿತು.

ಈ ಇತಿಹಾಸದಲ್ಲಿ ಅರಸರ ಹೆಸರುಗಳು ಉಳಿದಿವೆ, ಹುಟ್ಟು ಹಾಕಿದವರ ಹೆಸರುಗಳು ಉಳಿದಿಲ್ಲ. ಗಾಬೀತರು, ಭಂಡಾರಿಗಳು, ಕೋಳಿಗಳು ಆ ದೋಣಿಗಳ ತೋಳುಬಲವಾಗಿದ್ದರು. ಬಂಡೆಯೆಲ್ಲಿ, ಸೆಳವೆಲ್ಲಿ, ಮೀನಿನ ಹಿಂಡೆಲ್ಲಿ ಎಂಬುದನ್ನು ಬಲ್ಲವರು ಅವರೇ. 1812ರ ಕಾಗದಕ್ಕೆ ಮುದ್ರೆ ಬಿದ್ದ ಮೇಲೆ ಇವರ ಕೈಗೆ ಹಾಯಿ ಮತ್ತು ಬಲೆಗಳು ಮಾತ್ರ ಉಳಿದವು. ಕನ್ನಡ ಕರಾವಳಿಯಲ್ಲಿಯೂ ಹೀಗೆಯೇ ಆಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಮಂಗಳೂರು ಹೊನ್ನಾವರಗಳಲ್ಲಿ ನೌಕಾದಳವನ್ನು ಕಟ್ಟಲು ಯತ್ನಿಸಿದನು. 1768ರಲ್ಲಿ ಒಮ್ಮೆ ಅದು ಆಂಗ್ಲರಿಂದ ಹಾಳಾಯಿತು. ಮತ್ತೆ ಕಟ್ಟಿದುದನ್ನು 1780ರ ಡಿಸೆಂಬರದಲ್ಲಿ ಅಡ್ಮಿರಲ್ ಹ್ಯೂಸನು ಮಂಗಳೂರಿನ ಎದುರಿನಲ್ಲಿ ನಾಶಮಾಡಿದನು. ಹೀಗೆ ಕೊಂಕಣ ಕೆನರಾಗಳೆರಡರಲ್ಲಿಯೂ ದಡದ ಕಾವಲು ದಡದವರ ಕೈಯಿಂದ ಜಾರಿತು.

ಸ್ವತಂತ್ರ ಭಾರತದಲ್ಲಿ ಚಿಕ್ಕ ವೇಗದ ದೋಣಿಯ ಮಹತ್ವವು ಎರಡು ಸಂದರ್ಭಗಳಲ್ಲಿ ಎದ್ದು ಕಂಡಿತು, ಒಂದು ಗೆಲುವಿನಲ್ಲಿ, ಒಂದು ನೋವಿನಲ್ಲಿ. 1971ರ ಡಿಸೆಂಬರ 4ರ ರಾತ್ರಿ ನಿಪಾತ, ನಿರ್ಘಾತ, ವೀರ ಎಂಬ ಮೂರು ಕ್ಷಿಪಣಿ ದೋಣಿಗಳು ದೊಡ್ಡ ಹಡಗುಗಳ ಬೆಂಬಲದೊಂದಿಗೆ ಕರಾಚಿಯ ಕಡೆಗೆ ನುಗ್ಗಿ, ಪಾಕಿಸ್ತಾನದ ಖೈಬರ್ ಎಂಬ ವಿನಾಶಕ ನೌಕೆಯನ್ನೂ ಮುಹಾಫಿಜ್ ಎಂಬ ಸಿಡಿಮದ್ದು ತೆಗೆಯುವ ನೌಕೆಯನ್ನೂ ಮುಳುಗಿಸಿದವು. ಒಂದೊಂದು ದೋಣಿಯ ಭಾರವು ಸುಮಾರು 200 ಟನ್ ಮಾತ್ರ. ಅಂದಿನಿಂದ ಡಿಸೆಂಬರ 4 ನೌಕಾದಿನವಾಗಿದೆ. 2023ರಲ್ಲಿ ಆ ನೌಕಾದಿನವನ್ನು ಆಚರಿಸಲು ನೌಕಾದಳವು ಆರಿಸಿಕೊಂಡ ಸ್ಥಳ ಸಿಂಧುದುರ್ಗದ ಸಮುದ್ರತೀರವೆಂಬುದನ್ನು ಕರವೀರದವರು ನೆನಪಿಡಬೇಕು.

ನೋವಿನ ಸಂದರ್ಭವನ್ನು ಎಲ್ಲರೂ ಬಲ್ಲರು. 1993ರ ಮಾರ್ಚಿನ ಮುಂಬಯಿ ಸ್ಫೋಟಗಳಿಗೆ ಬೇಕಾದ ಮದ್ದು ರಾಯಗಡ ಜಿಲ್ಲೆಯ ಕಡಲ ದಡದಲ್ಲಿ ಇಳಿದಿತ್ತು. 2008ರ ನವೆಂಬರ 26ರಂದು ಹತ್ತು ಮಂದಿ ಭಯೋತ್ಪಾದಕರು ‘ಕುಬೇರ’ ಎಂಬ ಮೀನುಗಾರಿಕೆಯ ದೋಣಿಯನ್ನು ಅಪಹರಿಸಿ, ಅದರಲ್ಲಿದ್ದ ಐವರು ಬಡ ಮೀನುಗಾರರನ್ನು ಕೊಂದು, ಕೊನೆಗೆ ರಬ್ಬರಿನ ಸಣ್ಣ ದೋಣಿಯಲ್ಲಿ ಕೊಲಾಬಾದ ದಡಕ್ಕೆ ಬಂದಿಳಿದರು. ದೊಡ್ಡ ಯುದ್ಧನೌಕೆಗಳನ್ನು ಕಟ್ಟಿಕೊಂಡಿದ್ದ ದೇಶವು ದಡದ ಸಣ್ಣ ಕಿಂಡಿಯನ್ನು ಮರೆತಿತ್ತು. ಆ ಮೇಲೆ ಕರಾವಳಿಯ ಒಟ್ಟು ರಕ್ಷಣೆಯ ಹೊಣೆಯನ್ನು 2009ರಲ್ಲಿ ನೌಕಾದಳಕ್ಕೆ ವಹಿಸಲಾಯಿತು. ನೌಕಾನೆಲೆಗಳ ಕಾವಲಿಗಾಗಿ ‘ಸಾಗರ ಪ್ರಹರಿ ಬಲ’ ಎಂಬ ಪಡೆಯು ಸಾವಿರ ಜನರೊಂದಿಗೆ ಹುಟ್ಟಿತು, ಅದಕ್ಕೆ ಎಂಬತ್ತು ವೇಗದ ದೋಣಿಗಳು ಗೊತ್ತಾದವು. 1978ರ ಕಾಯಿದೆಯಿಂದ ಸ್ಥಾಪಿತವಾಗಿದ್ದ ತಟರಕ್ಷಣಾ ಪಡೆಗೆ ಹೊಸ ದೋಣಿಗಳು ಬಂದವು. ಕರ್ನಾಟಕದ ಕರಾವಳಿ ಕಾವಲು ಪೊಲೀಸರಿಗೆ ಮಂಗಳೂರು, ಹೆಜಮಾಡಿ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕುಮಟೆ, ಬೇಲೆಕೇರಿ, ಕಾರವಾರಗಳಲ್ಲಿ ಒಂಬತ್ತು ಠಾಣೆಗಳಾದವು. ಅವರ ದೋಣಿಗಳು 12 ಟನ್ ಮತ್ತು 5 ಟನ್ನಿನ ಪುಟ್ಟ ದೋಣಿಗಳು. ಹಳೆಯ ಗಲಬತಕ್ಕಿಂತಲೂ ಚಿಕ್ಕವು!

ಇಂದಿನ ವೇಗದ ದೋಣಿಗಳಲ್ಲಿ ಹುಟ್ಟಿಲ್ಲ, ಹಾಯಿಯಿಲ್ಲ. ಅನೇಕ ದೋಣಿಗಳಲ್ಲಿ ಹೊರಗೆ ತಿರುಗುವ ಚಕ್ರವೂ ಇಲ್ಲ. ದೋಣಿಯ ತಳದಿಂದ ನೀರನ್ನು ಒಳಗೆಳೆದು, ಯಂತ್ರದ ಬಲದಿಂದ ಹಿಂದಕ್ಕೆ ರಭಸವಾಗಿ ಚಿಮ್ಮಿಸುತ್ತಾರೆ. ನೀರು ಹಿಂದಕ್ಕೆ ಚಿಮ್ಮಿದ ಬಲದಿಂದ ದೋಣಿ ಮುಂದಕ್ಕೆ ಹಾರುತ್ತದೆ. ಚಿಮ್ಮುವ ಬಾಯಿಯನ್ನು ತಿರುಗಿಸಿದರೆ ಅದೇ ಚುಕ್ಕಾಣಿ. ಕೆಳಗೆ ಚಕ್ರದ ರೆಕ್ಕೆಗಳಿಲ್ಲವಾದ್ದರಿಂದ ಆಳವಿಲ್ಲದ ನೀರಿನಲ್ಲಿ ಬಂಡೆಗೆ ತಾಗಿ ಮುರಿಯುವ ಭಯ ಕಡಿಮೆ. ತಟರಕ್ಷಣಾ ಪಡೆಗಾಗಿ ಕಟ್ಟಿದ ಇಂಥ 54 ದೋಣಿಗಳ ಒಂದು ಸಾಲು ಪೂರ್ಣವಾಗಿದೆ. ಅವುಗಳ ಉದ್ದ ಸುಮಾರು 28 ಮೀಟರು, ವೇಗ 45 ನಾಟ್, ಎಂದರೆ ತಾಸಿಗೆ 83 ಕಿಲೋಮೀಟರು. ಇದೇ ಜಲಧಾರೆಯ ತತ್ತ್ವದ, ಇನ್ನೂ ದೊಡ್ಡದಾದ ‘ತಿಲ್ಲಾಂಚಾಂಗ್’ ಎಂಬ ನೌಕೆಯು 2017ರ ಮಾರ್ಚಿನಲ್ಲಿ ಕಾರವಾರದಲ್ಲಿ ನೌಕಾದಳದ ಸೇವೆಗೆ ಸೇರಿತು. ಅಲ್ಲಿಯ ನೌಕಾನೆಲೆಗೆ ಕನ್ನಡದ ಮೊದಲ ಅರಸುಮನೆತನದ ನೆನಪಿಗಾಗಿ ‘ಕದಂಬ’ ಎಂದೇ ಹೆಸರು. ಯಂತ್ರ ಬದಲಾಯಿತು, ಆದರೆ ತತ್ತ್ವ ಅದೇ ಉಳಿಯಿತು. ಕಡಿಮೆ ಭಾರ, ಕಡಿಮೆ ಆಳ, ಹೆಚ್ಚು ವೇಗ, ದಡದ ಪೂರ್ಣ ಅರಿವು, ಇವು ಮಾಲವಣದ ಬಡಗಿಗಳಿಗೆ ಗೊತ್ತಿದ್ದವುಗಳೇ. ಈ ದೋಣಿಗಳ ಜನರಿಗೆ ಸರಕಾರವು ಸಂಬಳವನ್ನು ಕೊಡುತ್ತದೆ, ಕಾನೂನಿನ ಕಟ್ಟನ್ನೂ ಹಾಕಿದೆ. ಹಳೆಯ ಗಲಬತಗಳಿಗೂ ಇವಕ್ಕೂ ಇರುವ ನಿಜವಾದ ಅಂತರ ಇದರಲ್ಲಿದೆ.

ಇನ್ನೊಂದು ತತ್ತ್ವವೂ ಹಾಗೆಯೇ ಉಳಿದಿದೆ. ಎಷ್ಟು ವೇಗದ ದೋಣಿಯಿದ್ದರೂ ಅದಕ್ಕೆ ಮೊದಲು ಸುದ್ದಿ ಮುಟ್ಟಬೇಕು. ಸುದ್ದಿ ಕೊಡುವವರು ನಸುಕಿನಲ್ಲಿ ಬಲೆ ಬೀಸುವ ಮೀನುಗಾರರು. ಅಪರಿಚಿತ ದೋಣಿಯನ್ನು ಮೊದಲು ಕಾಣುವ ಕಣ್ಣು ಅವರದು. 2008ರಲ್ಲಿ ಮೊದಲು ಪ್ರಾಣ ತೆತ್ತವರೂ ಅಂಥವರೇ. ಕಡಲ ಕಾವಲಿನ ಲೆಕ್ಕ ಬರೆಯುವಾಗ ಅವರ ಹೆಸರನ್ನು ಈ ಸಲವಾದರೂ ಬಿಡಬಾರದು.

ನಮ್ಮ ಅಧ್ಯಾಪಕ ಬಂಧುಗಳಲ್ಲಿ ಒಂದು ಬಿನ್ನಹವಿದೆ. ವರ್ಷಕ್ಕೊಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಘಟ್ಟವನ್ನಿಳಿದು ಮಾಲವಣಕ್ಕೆ ಹೋಗಿರಿ. ಸಿಂಧುದುರ್ಗದ ಗೋಡೆಯ ಮೇಲೆ ನಿಲ್ಲಿಸಿ, ಇದು ಒಂದು ಕಾಲದಲ್ಲಿ ನಮ್ಮ ಕೊಲ್ಲಾಪುರದ ಕೋಟೆಯೆಂದು ಹೇಳಿರಿ. ದಕ್ಷಿಣಕ್ಕೆ ಬೆರಳು ತೋರಿಸಿ, ಈ ನೀರೇ ಮುಂದೆ ಬಸರೂರಿನ ಕಡೆಗೂ ಹೋಗುತ್ತದೆ ಎಂಬುದನ್ನೂ ಹೇಳಿರಿ. ಕಾವಲು ಯಾವುದು, ಕಳವು ಯಾವುದು ಎಂದು ಮಕ್ಕಳೇ ಕೇಳುವಂತಾಗಲಿ. ಉತ್ತರವನ್ನು ಅವಸರದಿಂದ ಕೊಡಬೇಡಿರಿ. ಅವರು ಓದಿ, ವಿಚಾರಿಸಿ, ತಾವೇ ಒಂದು ನಿರ್ಣಯಕ್ಕೆ ಬರಲಿ. ಹಾಗಾದರೆ ಇಷ್ಟು ಬರೆದ ನಮ್ಮ ಶ್ರಮವು ಸಾರ್ಥಕವೆಂದು ತಿಳಿಯುತ್ತೇವೆ.